ಎರಡು ತಗಡು, ನಡುವೆ 38 ಮಿಲಿಮೀಟರ್ ಸಂದು: ಶಾಲೆಯ ಬೆಳ್ಳಕ್ಕಿ ಹಾರಿದ್ದು ಹೇಗೆ

ಮುಂದೆ ನಡೆದುಹೋದರೆ ಚಿತ್ರ ಚಲಿಸಿದಂತೆ ಕಾಣಬೇಕಾದ ಎರಡು ತಗಡಿನ ತೆರೆಯನ್ನು ಶಾಲೆಯಲ್ಲಿ ಮೊದಲ ಸಲ ನಿಲ್ಲಿಸಿದ ದಿನ, ಅದರಲ್ಲಿನ ಬೆಳ್ಳಕ್ಕಿ ಹಾರಲಿಲ್ಲ. ನಾನು, ವೆಲ್ಡಿಂಗ್ ಮಾಡುವ ಗೆಳೆಯ, ಶಾಲೆಯ ಚಿತ್ರಕಲೆ ಮೇಷ್ಟ್ರು, ಮೂವರೂ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಹತ್ತಾರು ಸಲ ನಡೆದೆವು. ಹಕ್ಕಿ ಇರಬೇಕಾದ ಜಾಗದಲ್ಲಿ ಐದೈದು ಸೆಂಟಿಮೀಟರ್ ಅಗಲದ ಚೂರುಗಳು ಕಂಡವು. ಒಂದು ಚೂರಿನಲ್ಲಿ ರೆಕ್ಕೆ ಮೇಲಿದೆ, ಪಕ್ಕದ ಚೂರಿನಲ್ಲಿ ಅರ್ಧಕ್ಕೆ ಇಳಿದಿದೆ, ಅದರ ಪಕ್ಕದಲ್ಲಿ ಪೂರ್ತಿ ಕೆಳಗಿದೆ. ನಡೆದರೆ ಚೂರುಗಳೆಲ್ಲ ಅಲೆಯ ಹಾಗೆ ಪಕ್ಕಕ್ಕೆ ಸರಿಯುತ್ತಿದ್ದವು. ನಿಂತು ನೋಡಿದರೆ ಕಣ್ಣು ಉರಿಯುತ್ತಿತ್ತು. ಮೇಷ್ಟ್ರು ಏನೂ ಅನ್ನಲಿಲ್ಲ, ಆದರೆ ಆ ಸಂಜೆ ಮಕ್ಕಳಿಗೆ "ಇನ್ನೂ ಆಗಿಲ್ಲ, ಆಮೇಲೆ ನೋಡೋಣ" ಅಂತ ಹೇಳಿ ಕಳಿಸಿದರು.

ಯಾಕೆ ಹಾಗಾಯ್ತು, ಆಮೇಲೆ ಹೇಗೆ ಸರಿಹೋಯ್ತು ಅನ್ನೋದನ್ನು ಅಳತೆ ಸಮೇತ ಬರೆದಿಡುತ್ತಿದ್ದೇನೆ. ಇಂಥದ್ದನ್ನು ಮಾಡಲು ಹೊರಡುವವರಿಗೆ ನಮ್ಮ ಎರಡು ತಿಂಗಳು ಉಳಿಯಲಿ.

ಮೇಷ್ಟ್ರು ಕೇಳಿದ್ದು ಚಿಕ್ಕ ಸಂಗತಿ. ಹಿರಿಯ ಪ್ರಾಥಮಿಕ ಶಾಲೆ, ಉದ್ದದ ವರಾಂಡ, ಒಂದು ಕಡೆ ತರಗತಿಗಳು, ಇನ್ನೊಂದು ಕಡೆ ಕಂಬಗಳು, ಕಂಬಗಳಾಚೆ ಆಟದ ಬಯಲು. ಎರಡು ಕಂಬಗಳ ನಡುವೆ ಸುಮಾರು ಒಂದು ಮೀಟರ್ ಚೌಕದ ಖಾಲಿ ಜಾಗ. ಅಲ್ಲಿ ಮಕ್ಕಳು ನಡೆದುಹೋಗುವಾಗ ಚಲಿಸುವಂಥ ಒಂದು ಚಿತ್ರ ಬೇಕು. ಕರೆಂಟು ಇರಬಾರದು, ಮೋಟರ್ ಇರಬಾರದು, ಮಕ್ಕಳು ಕೈ ಹಾಕಿದರೆ ಮುರಿಯುವ ಭಾಗ ಒಂದೂ ಇರಬಾರದು. ಅಂದ್ರೆ ತೆರೆ ಅಲುಗಾಡುವುದಿಲ್ಲ, ಮಕ್ಕಳ ನಡಿಗೆಯೇ ಮೋಟರ್.

ಇದರ ಮೂಲ ಉಪಾಯ ಹಳೆಯದು. ಒಂದು ಚಲನೆಯನ್ನು ಆರು ಹಂತದ ಆರು ಚಿತ್ರಗಳಾಗಿ ಬರೆದುಕೊಳ್ಳಬೇಕು. ಪ್ರತಿ ಚಿತ್ರವನ್ನೂ ಉದ್ದುದ್ದ ತೆಳು ಪಟ್ಟಿಗಳಾಗಿ ಸೀಳಬೇಕು. ಮೊದಲ ಚಿತ್ರದ ಒಂದು ಪಟ್ಟಿ, ಪಕ್ಕದಲ್ಲಿ ಎರಡನೆಯದರ ಪಟ್ಟಿ, ಹೀಗೆ ಆರು ಮುಗಿದ ಮೇಲೆ ಮತ್ತೆ ಒಂದರಿಂದ ಶುರು, ಹಾಗೇ ಜೋಡಿಸುತ್ತಾ ಹೋಗಬೇಕು. ಸುಮ್ನೆ ನೋಡಿದರೆ ಇದು ಗೋಜಲು. ಇದರ ಮೇಲೆ ಕಿಂಡಿ ಕೊರೆದ ಇನ್ನೊಂದು ತೆರೆ ಇಟ್ಟರೆ, ಪ್ರತಿ ಆರು ಪಟ್ಟಿಯಲ್ಲಿ ಒಂದು ಮಾತ್ರ ಕಂಡು, ಉಳಿದ ಐದು ಮುಚ್ಚಿಹೋಗುತ್ತವೆ. ಕಾಣುವ ಪಟ್ಟಿಗಳೆಲ್ಲ ಒಂದೇ ಚಿತ್ರದ್ದಾಗಿದ್ದರೆ ಆ ಚಿತ್ರ ಇಡಿಯಾಗಿ ಕಾಣುತ್ತದೆ. ಕಿಂಡಿ ಒಂದು ಪಟ್ಟಿಯಷ್ಟು ಸರಿದರೆ ಮುಂದಿನ ಚಿತ್ರ. ಇಷ್ಟೇ.

1898ರಲ್ಲಿ ಲಂಡನ್ನಿನಲ್ಲಿ ಈ ಬಗೆಯ ಒಂದು ಮಕ್ಕಳ ಪುಸ್ತಕವೇ ಅಚ್ಚಾಗಿತ್ತು, ಗೆರೆ ಎಳೆದ ಪಾರದರ್ಶಕ ಹಾಳೆಯನ್ನು ಚಿತ್ರದ ಮೇಲೆ ಮೆಲ್ಲಗೆ ಎಳೆದರೆ ಚಿತ್ರ ಅಲುಗಾಡಿದಂತೆ ಕಾಣುತ್ತಿತ್ತು. ಅದಕ್ಕೂ ಮುಂಚೆ, 1824ರಲ್ಲಿ, ಪೀಟರ್ ಮಾರ್ಕ್ ರೋಜೆ ಎಂಬ ಇಂಗ್ಲಿಷ್ ವೈದ್ಯರು ನೆಟ್ಟಗಿನ ಕಿಂಡಿಗಳ ಮೂಲಕ ಕಾಣುವ ಗಾಡಿ ಚಕ್ರದ ಕಡ್ಡಿಗಳು ಯಾಕೆ ಬಾಗಿದಂತೆ ತೋರುತ್ತವೆ ಅಂತ ಒಂದು ಪ್ರಬಂಧ ಬರೆದಿದ್ದರು. ಬೇಲಿ ಪಕ್ಕ ಬಸ್ಸಿನಲ್ಲಿ ಹೋಗುವಾಗ, ಎರಡು ಸಾಲು ಕಂಬಿಗಳು ಒಂದರ ಹಿಂದೆ ಒಂದು ಬಂದಾಗ ಏಳುವ ಕಪ್ಪು ಅಲೆಗಳನ್ನು ನಾವೆಲ್ಲ ನೋಡಿಯೇ ಇದ್ದೇವೆ, ಅಲ್ವಾ? ಅದೂ ಇದರ ನಂಟೇ.

ನಾವು ಮಾಡಿದ ಮೊದಲ ಪರೀಕ್ಷೆ ಆ ಪುಸ್ತಕದಂಥದ್ದೇ. ಬಿಳಿ ಹಾಳೆಯ ಮೇಲೆ ಓಡುವ ಕರು, ಮೇಲೆ ಕಪ್ಪು ಗೆರೆಗಳ ಪ್ಲಾಸ್ಟಿಕ್ ಹಾಳೆ. ಕೈಯಿಂದ ಎಳೆದೆವು, ಕರು ಚೆನ್ನಾಗಿ ಓಡಿತು. ಮೇಷ್ಟ್ರಿಗೆ ಖುಷಿಯೋ ಖುಷಿ. ಅಲ್ಲಿ ಎರಡು ವಿಷಯ ಗೊತ್ತಾಯ್ತು, ಎರಡೂ ಉಪಯೋಗಕ್ಕೆ ಬಂದವು. ಒಂದು, ಹಾಳೆಯನ್ನು ಹಿಂದಕ್ಕೆ ಎಳೆದರೆ ಕರು ಹಿಂದಕ್ಕೆ ಓಡುತ್ತದೆ. ಮಕ್ಕಳು ವರಾಂಡದಲ್ಲಿ ಎರಡೂ ಕಡೆಗೆ ಓಡಾಡುತ್ತಾರೆ, ಹೋಗುವಾಗ ಮುಂದೆ ಓಡುವ ಕರು ಬರುವಾಗ ಹಿಮ್ಮುಖವಾಗಿ ಓಡಿದರೆ ಚೆಂದವಲ್ಲ. ಹಾಗಾಗಿ ರೆಕ್ಕೆ ಬಡಿಯುವ ಹಕ್ಕಿ ಆರಿಸಿದೆವು, ಬಡಿತವನ್ನು ಹಿಂದುಮುಂದು ಮಾಡಿದರೂ ಬಡಿತವೇ. ಎರಡು, ಹಂತಗಳು ಜಾಸ್ತಿಯಾದಷ್ಟೂ ಚಲನೆ ನಯವಾಗುತ್ತದೆ, ಆದರೆ ಕತ್ತಲೂ ಹೆಚ್ಚುತ್ತದೆ. ಆರು ಹಂತವಾದರೆ ಬೆಳಕಿನಲ್ಲಿ ಹೆಚ್ಚೆಂದರೆ ಆರರಲ್ಲಿ ಒಂದು ಪಾಲು ಒಳಗೆ ಬರುತ್ತದೆ, ಹನ್ನೆರಡಾದರೆ ಹನ್ನೆರಡರಲ್ಲಿ ಒಂದು. ಆರಕ್ಕೇ ನಿಲ್ಲಿಸಿದೆವು.

ಬೆಳ್ಳಕ್ಕಿಯನ್ನು ಆರಿಸಲು ಕಾರಣ ಸರಳ. ಶಾಲೆಯ ಹಿಂದೆ ಕೆರೆ, ಸಂಜೆ ಸಾಲು ಸಾಲಾಗಿ ಹೋಗುತ್ತವೆ. ಮೇಷ್ಟ್ರು ಕತ್ತು ನೀಟಾಗಿ ಮುಂದೆ ಚಾಚಿದ ಹಕ್ಕಿ ಬರೆದಿದ್ದರು. ಏಳನೇ ತರಗತಿಯ ಹುಡುಗಿ ಒಬ್ಬಳು ನೋಡಿ, "ಸಾರ್, ಹಾರುವಾಗ ಬೆಳ್ಳಕ್ಕಿ ಕತ್ತು ಚಾಚಲ್ಲ, ಮಡಚಿಕೊಳ್ಳತ್ತೆ, ಕಾಲು ಮಾತ್ರ ಹಿಂದೆ ಚಾಚತ್ತೆ" ಅಂದಳು. ಅವಳು ಹೇಳಿದ್ದೇ ಸರಿ. ಆರೂ ಚಿತ್ರ ಮತ್ತೆ ಬರೆದರು.

ಈಗ ತಪ್ಪಿನ ವಿಷಯ. ಕಾಗದದ ಅಳತೆಯನ್ನೇ ದೊಡ್ಡದು ಮಾಡಿ ತಗಡಿಗೆ ಇಳಿಸಿದೆವು. ಮುಂದಿನ ತಗಡಿನಲ್ಲಿ 15 ಮಿ.ಮೀ.ಗೆ ಒಂದು ಕಿಂಡಿ, 90 ಸೆಂ.ಮೀ. ಅಗಲದಲ್ಲಿ ಒಟ್ಟು 60 ಕಿಂಡಿ. ಹಿಂದಿನ ತಗಡಿನಲ್ಲೂ 15 ಮಿ.ಮೀ.ಗೆ ಆರು ಪಟ್ಟಿಯ ಒಂದು ಗುಂಪು, ಅಂದರೆ ಪಟ್ಟಿ ತಲಾ 2.5 ಮಿ.ಮೀ. ಎರಡು ತಗಡಿನ ನಡುವೆ ಸಂದು ಬೇಕು ಅಂತ ಗೊತ್ತಿತ್ತು, ಎಷ್ಟು ಅಂತ ಯೋಚಿಸಲಿಲ್ಲ. ಗೆಳೆಯನ ಶೆಡ್ಡಿನಲ್ಲಿ 75 ಮಿ.ಮೀ. ಬಾಕ್ಸ್ ಪೈಪು ಉಳಿದಿತ್ತು, ಅದರಿಂದಲೇ ಚೌಕಟ್ಟು ಮಾಡಿದೆವು.

ಕಾಗದದಲ್ಲಿ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸರಿಯುವುದು ಹಾಳೆ. ವರಾಂಡದಲ್ಲಿ ಹಾಳೆ ಸರಿಯುವುದಿಲ್ಲ, ಸರಿಯುವುದು ನೋಡುವವರ ಕಣ್ಣು. ನೀವು ಬಲಕ್ಕೆ ಹೋದರೆ ಕಿಂಡಿಯೊಳಗಿಂದ ಕಾಣುವ ಜಾಗ ಹಿಂದಿನ ತಗಡಿನ ಮೇಲೆ ಎಡಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಅನ್ನೋದು ಸಂದು ಮತ್ತು ನಿಮ್ಮ ದೂರದ ಲೆಕ್ಕ: ನೀವು ನಡೆದ ಉದ್ದವನ್ನು ಸಂದಿನಿಂದ ಗುಣಿಸಿ, ತೆರೆಯಿಂದ ನಿಮಗಿರುವ ದೂರದಿಂದ ಭಾಗಿಸಿದರೆ ಸಿಗುತ್ತದೆ. ಮಕ್ಕಳು ತೆರೆಯಿಂದ ಸುಮಾರು ಒಂದೂವರೆ ಮೀಟರ್ ದೂರದಲ್ಲಿ ನಡೆಯುತ್ತಾರೆ. 75 ಮಿ.ಮೀ. ಸಂದಿಗೆ ಲೆಕ್ಕ ಹಾಕಿದರೆ, 30 ಸೆಂ.ಮೀ. ನಡೆದರೆ ಆರೂ ಹಂತ ಮುಗಿದೇಹೋಗುತ್ತದೆ. ಒಂದು ಹಂತಕ್ಕೆ ಬರೀ 5 ಸೆಂ.ಮೀ. ನಮ್ಮ ಎರಡು ಕಣ್ಣುಗಳ ನಡುವಿನ ಅಂತರವೇ ಸುಮಾರು 6 ಸೆಂ.ಮೀ. ಅಂದಮೇಲೆ ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಅದರ ಮುಂದಿನ ಚಿತ್ರ. ಕಣ್ಣು ಉರಿದದ್ದು ಅದಕ್ಕೇ. ಒಂದು ಕಣ್ಣು ಮುಚ್ಚಿ ನೋಡಿದಾಗ ಉರಿ ನಿಂತಿತು, ಕಾರಣ ಇದೇ ಅಂತ ಗಟ್ಟಿಯಾಯ್ತು.

ಚೂರುಗಳಿಗೆ ಕಾರಣ ಬೇರೆ. ಕಣ್ಣು ಒಂದು ಕಡೆ ನಿಂತಿದೆ, ಎದುರಿಗೆ 60 ಕಿಂಡಿ ಇವೆ. ಮಧ್ಯದ ಕಿಂಡಿಯ ಮೂಲಕ ನೋಟ ನೆಟ್ಟಗೆ ಹೋಗುತ್ತದೆ, ಅಂಚಿನ ಕಿಂಡಿಯ ಮೂಲಕ ಓರೆಯಾಗಿ ಹೋಗುತ್ತದೆ. ಓರೆಯಾದಷ್ಟೂ ಹಿಂದಿನ ತಗಡಿನಲ್ಲಿ ಕಾಣುವ ಜಾಗ ಹೊರಗೆ ಹೊರಗೆ ಜಾರುತ್ತದೆ. ಹಾಗಾಗಿ ಎಲ್ಲ ಕಿಂಡಿಯಲ್ಲೂ ಒಂದೇ ಹಂತ ಕಾಣಬೇಕಾದರೆ ಹಿಂದಿನ ಗುಂಪಿನ ಅಗಲ ಮುಂದೆ ಕಿಂಡಿಯಿಂದ ಕಿಂಡಿಗಿರುವ ಅಂತರಕ್ಕಿಂತ ಚೂರು ಜಾಸ್ತಿ ಇರಲೇಬೇಕು. ನಮ್ಮ ಆ ಮೊದಲ ತೆರೆಯಲ್ಲಿ ಹಿಂದಿನದು 15.75 ಮಿ.ಮೀ. ಇರಬೇಕಿತ್ತು, ನಾವು 15 ಇಟ್ಟಿದ್ದೆವು. ಮುಕ್ಕಾಲು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಕಿಂಡಿಯಿಂದ ಕಿಂಡಿಗೆ ಅದು ಕೂಡುತ್ತಾ ಹೋಗುತ್ತದೆ. ಮೂರು ನಾಲ್ಕು ಕಿಂಡಿ ದಾಟುವಷ್ಟರಲ್ಲಿ ಒಂದು ಪಟ್ಟಿ ಜಾರಿಹೋಯ್ತು, 60 ಕಿಂಡಿ ಮುಗಿಯುವಾಗ 45 ಮಿ.ಮೀ., ಅಂದರೆ 18 ಪಟ್ಟಿ. ನಾವು ಕಂಡ 5 ಸೆಂ.ಮೀ. ಚೂರುಗಳು ಸರಿಯಾಗಿ ಹದಿನೆಂಟು ಇದ್ದವು. ಲೆಕ್ಕ ಮಾಡಿ, ಎದ್ದುಹೋಗಿ ಎಣಿಸಿದಾಗ ಹೊಟ್ಟೆಯೊಳಗೆ ತಣ್ಣಗಾಯ್ತು. ತಪ್ಪು ಎಷ್ಟು ಅಂತ ಅಳತೆಯಲ್ಲಿ ಸಿಕ್ಕಿತು ಅಂದರೆ ಅದನ್ನು ತಿದ್ದಬಹುದು.

ಎರಡನೇ ಸಲ ತಗಡಿನಿಂದ ಶುರು ಮಾಡಲಿಲ್ಲ, ಮಕ್ಕಳ ಕಾಲಿನಿಂದ ಶುರು ಮಾಡಿದೆವು. ವರಾಂಡದ ಕೆಂಪು ನೆಲ, ರೆಡ್ ಆಕ್ಸೈಡಿನದು. ಮಕ್ಕಳಿಗೆ ಕಾಲು ತೊಳೆದು ಒದ್ದೆ ಕಾಲಿನಲ್ಲೇ ಎಂದಿನಂತೆ ನಡೆಯಲು ಹೇಳಿದೆವು. ಗುರುತುಗಳ ನಡುವೆ ಟೇಪು ಹಿಡಿದರೆ ಆರು, ಏಳನೇ ತರಗತಿ ಮಕ್ಕಳ ಹೆಜ್ಜೆ ಹೆಚ್ಚುಕಡಿಮೆ 60 ಸೆಂ.ಮೀ. ಗುರುತುಗಳ ಸಾಲು ತೆರೆಯ ಜಾಗದಿಂದ ಎಷ್ಟು ದೂರ ಅನ್ನೋದೂ ಹಾಗೇ ಸಿಕ್ಕಿತು, ಹೆಚ್ಚಿನವರದು ಒಂದೂವರೆ ಮೀಟರ್ ಆಸುಪಾಸು. ಇಡೀ ಕೆಲಸದಲ್ಲಿ ಅತಿ ಬೆಲೆಬಾಳುವ ಅರ್ಧ ಗಂಟೆ ಅದೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಒಂದು ಹೆಜ್ಜೆಗೆ ಒಂದು ರೆಕ್ಕೆ ಬಡಿತ ಬರಬೇಕು ಅಂತ ತೀರ್ಮಾನಿಸಿ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, 15 ಮಿ.ಮೀ.ಗೊಂದು ಕಿಂಡಿ ಇರುವ ತಗಡಿಗೆ 38 ಮಿ.ಮೀ. ಸಂದು ಬಂತು. ಅದೃಷ್ಟಕ್ಕೆ 38 ಮಿ.ಮೀ. ಅಂದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಒಂದೂವರೆ ಇಂಚು ಬಾಕ್ಸ್ ಪೈಪೇ. ಈ ಸಂದಿಗೆ ಆರು ಹಂತ ಮುಗಿಯಲು 60.7 ಸೆಂ.ಮೀ. ನಡೆಯಬೇಕು, ಒಂದು ಹಂತಕ್ಕೆ 10 ಸೆಂ.ಮೀ. ಕಣ್ಣುಗಳ ಅಂತರಕ್ಕಿಂತ ಇದು ದೊಡ್ಡದು, ಹಾಗಾಗಿ ಸ್ವಲ್ಪ ಹೊತ್ತು ಎರಡು ಕಣ್ಣಿಗೂ ಒಂದೇ ಚಿತ್ರ, ಉಳಿದ ಹೊತ್ತು ಅಕ್ಕಪಕ್ಕದ ಎರಡು ಚಿತ್ರ ಬೆರೆಯುತ್ತವೆ. ಅಷ್ಟು ಬೆರೆತರೆ ರೆಕ್ಕೆ ಇನ್ನೂ ಮೆತ್ತಗೆ ಕಾಣುತ್ತದೆ, ಒಳ್ಳೆಯದೇ.

ಹಿಂದಿನ ಗುಂಪಿನ ಅಗಲ 15.38 ಮಿ.ಮೀ. ಆಯ್ತು. 60 ಗುಂಪಿಗೆ ಒಟ್ಟು 92.3 ಸೆಂ.ಮೀ., ಮುಂದಿನದಕ್ಕಿಂತ 2.3 ಸೆಂ.ಮೀ. ಜಾಸ್ತಿ. ಲೇಸರ್ ಕಟಿಂಗ್ ಮಾಡುವ ಹುಡುಗ ಫೋನ್ ಮಾಡಿ, "ಅಣ್ಣಾ, ಎರಡು ಡ್ರಾಯಿಂಗೂ ಒಂದೇ ಅಳತೆಗೆ ಬರ್ತಿಲ್ಲ, ನಾನೇ ಸರಿ ಮಾಡಿಬಿಡ್ಲಾ?" ಅಂತ ಕೇಳಿದ. ಕೇಳಿದ್ದು ಪುಣ್ಯ. ಹಾಗೇ ಬಿಡಪ್ಪ, ಒಂದು ಕೂದಲೂ ಬದಲಾಯಿಸಬೇಡ ಅಂದೆ. ಈ ಬಗೆಯ ಕೆಲಸ ಕೊಡುವವರು ಡ್ರಾಯಿಂಗಿನ ಮೇಲೇ ದೊಡ್ಡದಾಗಿ ಬರೆದುಬಿಡಿ, ಎರಡು ತಗಡಿನ ಅಳತೆ ಬೇರೆ ಬೇರೆ, ಬೇಕಂತಲೇ ಹಾಗಿದೆ ಅಂತ.

ತಗಡು ಕೊರೆಯುವುದರಲ್ಲೂ ತಲೆನೋವು ಇತ್ತು. ನಮ್ಮ ಹಕ್ಕಿ ತಗಡಲ್ಲ, ತೂತು. ಹಿನ್ನೆಲೆ ತಗಡು, ಹಕ್ಕಿಯ ಆಕಾರ ಖಾಲಿ, ಅದರೊಳಗಿಂದ ಬೆಳಕು ಬರುತ್ತದೆ, ಹಾಗಾಗಿ ಹಕ್ಕಿ ಬೆಳ್ಳಗೆ. ತೊಗಲುಗೊಂಬೆಯಲ್ಲಿ ಒಡವೆ, ಸೀರೆಯಂಚು ಎಲ್ಲ ಚರ್ಮಕ್ಕೆ ಕೊರೆದ ತೂತಿನ ಬೆಳಕೇ ಅಲ್ವಾ, ಅದೇ ದಾರಿ. ಆದರೆ ಹಕ್ಕಿಯ ಮೈ ಆರೂ ಚಿತ್ರದಲ್ಲಿ ಒಂದೇ ಜಾಗದಲ್ಲಿದೆ, ಅಲ್ಲಿ ಆರೂ ಪಟ್ಟಿ ಖಾಲಿಯಾಗಿ ಒಂದೇ ದೊಡ್ಡ ತೂತಾಗುತ್ತದೆ. ರೆಕ್ಕೆ ಮೈಗೆ ಸೇರುವ ಕಡೆ ತಗಡಿನ ತೆಳು ಪಟ್ಟಿಗಳು ಒಂದು ತುದಿ ಹಿಡಿತವಿಲ್ಲದೆ ಬಾಚಣಿಗೆ ಹಲ್ಲಿನ ಹಾಗೆ ನೇತಾಡಿದವು, ಸಾಗಿಸುವಾಗಲೇ ನಾಲ್ಕಾರು ಬಾಗಿದವು. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಜಾಲಂದ್ರ ನೆನಪಾಯಿತು. ಅಲ್ಲಿ ಕಲ್ಲಿನ ಜಾಲರಿಯೊಳಗೆ ಪುರಾಣದ ಆಕೃತಿಗಳೂ ಇವೆ, ಯಾವ ಭಾಗವೂ ಒಂಟಿಯಾಗಿ ನಿಂತಿಲ್ಲ, ಒಂದು ಇನ್ನೊಂದನ್ನು ಹಿಡಿದಿದೆ. ನಾವೂ ಹಲ್ಲಿನಿಂದ ಹಲ್ಲಿಗೆ 2 ಮಿ.ಮೀ. ಅಡ್ಡ ಎಳೆ ಬಿಟ್ಟು ಮತ್ತೆ ಕೊರೆಸಿದೆವು. ದೂರದಿಂದ ಅವು ಗರಿಯ ಗೆರೆಗಳ ಹಾಗೆ ಕಾಣುತ್ತವೆ. ಮುಂದಿನ ತಗಡಿಗೂ ಹಾಗೇ, ಉದ್ದ ಕಿಂಡಿಗಳಿಂದ ಅದು ಚಾಪೆಯಂತೆ ಜೋಲುತ್ತಿತ್ತು, ಸುಮಾರು 12 ಸೆಂ.ಮೀ.ಗೊಂದು ಅಡ್ಡ ಹಿಡಿತ ಕೊಟ್ಟ ಮೇಲೆ ನೆಟ್ಟಗಾಯಿತು.

ತಗಡಿನ ದಪ್ಪವನ್ನೂ ಮೊದಲು ಲೆಕ್ಕಕ್ಕೆ ತಗೊಂಡಿರಲಿಲ್ಲ. ಗಟ್ಟಿಯಾಗಿರಲಿ ಅಂತ 2 ಮಿ.ಮೀ. ತಗಡು ಹಾಕಿದ್ದೆವು, ಕಿಂಡಿಯೂ 2 ಮಿ.ಮೀ. 45 ಡಿಗ್ರಿ ಓರೆಯಿಂದ ನೋಡಿದರೆ ದಪ್ಪವೇ ಕಿಂಡಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ, ದೂರದಿಂದ ಬರುವ ಮಗುವಿಗೆ ತೆರೆ ಬರೀ ಕಪ್ಪು ಹಲಗೆ. 1 ಮಿ.ಮೀ. ತಗಡಿಗೆ ಬದಲಾಯಿಸಿದ ಮೇಲೆ ಅದೇ ಓರೆಯಲ್ಲಿ ಅರ್ಧ ತೆರೆದಿರುತ್ತದೆ. ಈಗ ಮಗು ಹತ್ತಿರ ಬರುತ್ತಿದ್ದ ಹಾಗೆ ಹಕ್ಕಿ ಮೆಲ್ಲಗೆ ಬೆಳಗುತ್ತಾ ಬರುತ್ತದೆ. ಮುಂದಿನ ತಗಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆಸಿದೆವು, ಇಲ್ಲದಿದ್ದರೆ ಕಿಂಡಿಯ ಅಂಚುಗಳೇ ಮಿರಮಿರ ಮಿನುಗುತ್ತವೆ.

ಬೆಳಕಿಗೆ ಬಯಲಿನ ಕಡೆಯ ಆಕಾಶವೇ ಸಾಕು. ಆದರೆ ತೂತಿನೊಳಗಿಂದ ಬೇವಿನ ಮರ, ನೀರಿನ ನಲ್ಲಿ, ಓಡಾಡುವವರು ಎಲ್ಲ ಕಂಡು ಹಕ್ಕಿ ಕಲಸಿಹೋಗುತ್ತಿತ್ತು. ಹಿಂದಿನ ತಗಡಿನ ಹಿಂದೆ ಹಾಲು ಬಣ್ಣದ ಪ್ಲಾಸ್ಟಿಕ್ ಶೀಟು ಹಾಕಿದ ಮೇಲೆ ಬೆಳಕು ಎಲ್ಲ ಕಡೆ ಒಂದೇ ಸಮ ಆಯಿತು.

ಕೊನೆಯದಾಗಿ ಜೋಡಣೆ, ಇದಕ್ಕೆ ಇಡೀ ಒಂದು ಭಾನುವಾರ ಹಿಡಿಯಿತು. ಒಂದು ತಗಡು ಇನ್ನೊಂದಕ್ಕಿಂತ ಒಂದೇ ಒಂದು ಡಿಗ್ರಿ ವಾಲಿದರೂ 90 ಸೆಂ.ಮೀ. ಎತ್ತರದಲ್ಲಿ ಮೇಲಿಗೂ ಕೆಳಗಿಗೂ ಸುಮಾರು 16 ಮಿ.ಮೀ. ವ್ಯತ್ಯಾಸ ಬರುತ್ತದೆ. ಅದು ಒಂದು ಪೂರ್ತಿ ಸುತ್ತಿಗಿಂತ ಜಾಸ್ತಿ, ಹಕ್ಕಿಯ ಮೇಲ್ಭಾಗ ಒಂದು ಹಂತದಲ್ಲಿ, ಕೆಳಭಾಗ ಇನ್ನೊಂದು ಹಂತದಲ್ಲಿ. ವೆಲ್ಡಿಂಗ್ ಬಿಸಿಗೆ ಚೌಕಟ್ಟು ಎಳೆದುಕೊಂಡು ಮೂಲೆ 4 ಮಿ.ಮೀ. ಹೊರಬಿದ್ದಿತ್ತು, ಅಷ್ಟಕ್ಕೇ ಒಂದೂವರೆ ಹಂತ ವ್ಯತ್ಯಾಸ. ಗೆಳೆಯ ವೆಲ್ಡ್ ಬಿಡಿಸಿ, ಹಿಂದಿನ ತಗಡಿನ ನಾಲ್ಕು ಮೂಲೆಗೂ ಉದ್ದ ತೂತು ಮಾಡಿ ಬೋಲ್ಟ್ ಹಾಕಿದ, ಸಡಿಲಿಸಿ ಸರಿಸುವ ಹಾಗೆ. ಅವನು ಹಿಂದೆ ಸ್ಪ್ಯಾನರ್ ಹಿಡಿದು ಕೂತ, ನಾನು ಒಂದೂವರೆ ಮೀಟರ್ ದೂರದಲ್ಲಿ ನಿಂತೆ. "ಮೇಲೆ ಸ್ವಲ್ಪ ಎಡಕ್ಕೆ. ಜಾಸ್ತಿ ಆಯ್ತು. ಹಾಂ, ಅಲ್ಲೇ, ಅಲ್ಲೇ!" ರೆಕ್ಕೆಯ ತುದಿಯಿಂದ ಕಾಲಿನ ತುದಿವರೆಗೆ ಒಂದೇ ಹಕ್ಕಿ ಕಂಡ ಆ ಗಳಿಗೆಯಲ್ಲಿ ನನ್ನ ಗಂಟಲು ಕಟ್ಟಿತು.

ಸೋಮವಾರ ಮಕ್ಕಳು ಬಂದರು. ಸೆಕೆಂಡಿಗೆ ಒಂದು ಮೀಟರ್ ವೇಗದ ನಡಿಗೆಗೆ ಸೆಕೆಂಡಿಗೆ ಹತ್ತು ಹಂತ ಕಾಣುತ್ತವೆ, ಓಡಿದರೆ ಇಪ್ಪತ್ತು. ಹತ್ತೇ ಸಾಕು, ಕಣ್ಣಿಗೆ ಅದು ಬಿಡಿ ಬಿಡಿ ಚಿತ್ರ ಅನ್ನಿಸುವುದಿಲ್ಲ. ಇದಕ್ಕೆ ಕಾರಣ ಕಣ್ಣಿನಲ್ಲಿ ಚಿತ್ರ ಸ್ವಲ್ಪ ಹೊತ್ತು ಉಳಿಯುವುದು ಅಂತ ಬಹಳ ಕಡೆ ಬರೆದಿರುತ್ತಾರೆ. ಅದೊಂದೇ ಆಗಿದ್ದರೆ ಆರು ರೆಕ್ಕೆಗಳೂ ಒಂದರ ಮೇಲೊಂದು ಕಲೆತು ಕಾಣಬೇಕಿತ್ತು. ಬಿಡಿ ಬಿಡಿ ನೋಟಗಳ ನಡುವೆ ಚಲನೆಯನ್ನು ಜೋಡಿಸುವುದು ಮಿದುಳು. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ 1912ರಲ್ಲಿ ಇದರ ಬಗ್ಗೆಯೇ ಪ್ರಯೋಗಗಳನ್ನು ಪ್ರಕಟಿಸಿದ್ದರು. ನೋಡುವವರು ಚಲಿಸಿ ಚಿತ್ರ ನಿಂತಿರುವ ದೊಡ್ಡ ಉದಾಹರಣೆ ನ್ಯೂಯಾರ್ಕಿನಲ್ಲಿದೆ. ಬ್ರೂಕ್ಲಿನ್ನಿನ ಬಳಕೆಯಲ್ಲಿಲ್ಲದ ಒಂದು ಸುರಂಗ ನಿಲ್ದಾಣದಲ್ಲಿ ಬಿಲ್ ಬ್ರಾಂಡ್ ಎಂಬ ಕಲಾವಿದರು 1980ರಲ್ಲಿ ಕಿಂಡಿಗಳ ಹಿಂದೆ 228 ಚಿತ್ರಗಳನ್ನು ಸಾಲಾಗಿ ಇಟ್ಟರು, ರೈಲು ಹೋಗುವಾಗ ಅವು ಚಲನಚಿತ್ರವಾಗುತ್ತವೆ. ಅಲ್ಲಿ ರೈಲಿನ ವೇಗ ಬೇಕು. ನಮ್ಮಲ್ಲಿ ಆರನೇ ತರಗತಿಯ ಒಂದು ಜೋಡಿ ಕಾಲು ಸಾಕು.

ದೂರ ಬದಲಾದರೆ ಏನಾಗುತ್ತದೆ ಅಂತ ನಾವು ಹೆದರಿದ್ದೆವು, ಅಷ್ಟೇನೂ ಕೆಡಲಿಲ್ಲ. ತೆರೆಗೆ 1.2 ಮೀಟರ್ ಹತ್ತಿರ ಹೋದರೆ ಅಂಚಿನಿಂದ ಅಂಚಿಗೆ ಎರಡು ಹಂತ ಚಿಲ್ಲರೆ ವ್ಯತ್ಯಾಸ, ಗೋಡೆಗೆ ಅಂಟಿಕೊಂಡು 1.8 ಮೀಟರ್‌ನಲ್ಲಿ ನಡೆದರೆ ಒಂದೂವರೆ ಹಂತ. ಒಂದು ರೆಕ್ಕೆ ಇನ್ನೊಂದಕ್ಕಿಂತ ಚೂರು ಮುಂಚೆ ಏಳುತ್ತದೆ, ಹಕ್ಕಿ ವಾಲಿ ತಿರುಗುತ್ತಿರುವ ಹಾಗೆ ಕಾಣುತ್ತದೆ, ಅಷ್ಟೇ. ಅರ್ಧ ಮೀಟರಿಗೆ ಬಂದು ಮೂಗು ತಾಗಿಸಿದರೆ ಮಾತ್ರ ಮತ್ತೆ ಹಳೆಯ ಚೂರುಗಳು. ಎತ್ತರದ ತೊಂದರೆ ಬರಲೇ ಇಲ್ಲ, ಕಿಂಡಿಗಳು ನೆಟ್ಟಗೆ ಉದ್ದಕ್ಕಿರುವುದರಿಂದ ಒಂದನೇ ತರಗತಿಯ ಮಗುವಿಗೂ ಹೆಡ್ ಮೇಷ್ಟ್ರಿಗೂ ಹಕ್ಕಿ ಒಂದೇ ಥರ ಹಾರುತ್ತದೆ.

ಉಳಿದ ತೊಂದರೆ ಒಂದೇ. 38 ಮಿ.ಮೀ. ಸಂದು ಕಣಜಗಳಿಗೆ ಬಹಳ ಇಷ್ಟ, ಮಣ್ಣಿನ ಗೂಡು ಕಟ್ಟಿ ಒಂದು ರೆಕ್ಕೆಯ ತುದಿ ಮುಚ್ಚಿದ್ದವು. ಈಗ ಚೌಕಟ್ಟಿನ ಕೆಳಗಿನ ಪೈಪನ್ನು ಎರಡು ಬೋಲ್ಟ್ ಬಿಚ್ಚಿ ತೆಗೆಯುವ ಹಾಗೆ ಮಾಡಿದ್ದೇವೆ, ತಿಂಗಳಿಗೊಮ್ಮೆ ಉದ್ದ ಬ್ರಷ್ ತೂರಿಸಿ ಮೇಷ್ಟ್ರೇ ಒರೆಸುತ್ತಾರೆ. ಇನ್ನೊಮ್ಮೆ ಮಾಡುವುದಾದರೆ ಸಂದಿನ ನಾಲ್ಕೂ ಕಡೆಗೆ ಸಣ್ಣ ಕಣ್ಣಿನ ಬಲೆ ಹಾಕಿಯೇ ನಿಲ್ಲಿಸುತ್ತೇನೆ.

ಮೊನ್ನೆ ಹೋದಾಗ ಇಬ್ಬರು ಹುಡುಗರು ಒಂದು ಆಟ ಕಂಡುಹಿಡಿದಿದ್ದರು. ಒಬ್ಬ ಆ ತುದಿಯಿಂದ, ಒಬ್ಬ ಈ ತುದಿಯಿಂದ ನಡೆದು ಬರುವುದು, ತೆರೆಯ ಮುಂದೆ ಎದುರಾದ ಕೂಡಲೇ ಇಬ್ಬರೂ ನಿಂತು ರೆಕ್ಕೆ ಎಲ್ಲಿದೆ ಅಂತ ಕೂಗುವುದು. ಒಬ್ಬ "ಮೇಲೆ!" ಅಂದ, ಇನ್ನೊಬ್ಬ "ಕೆಳಗೆ!" ಅಂದ. ಇಬ್ಬರೂ ಜಾಗ ಬದಲಾಯಿಸಿ ನಿಂತು ಮತ್ತೆ ಕೂಗಿದರು.